ಮಾರುತನ ಒಳಂಗಿ

ಹೋದ ತಿಂಗಳು ಒಂದು ಭಾನುವಾರ ನಮ್ಮ ಮನೆಯ ಊಟದ ಮೇಜಿನ ಮೇಲೆ ಸಾಲಾಗಿ ಕೂತಿದ್ದ ಸಾಮಾನುಗಳು ಇವು: ಒಂದು ಬಾಟಲಿ ಡೆಟಾಲ್, ಅರ್ಧ ಲೀಟರ್ ಐಸೊಪ್ರೊಪೈಲ್ ಆಲ್ಕೊಹಾಲ್, ಗ್ಯಾರೇಜಿನ ಹುಡುಗನನ್ನು ಕೇಳಿ ತಂದ ಬ್ರೇಕ್ ಆಯಿಲ್ ಡಬ್ಬಿ, ಸವೆದ ಟೂತ್‌ಬ್ರಷ್ ನಾಲ್ಕು, ಕಿವಿಗೆ ಹಾಕುವ ಹತ್ತಿಕಡ್ಡಿ ಒಂದು ಪ್ಯಾಕೆಟ್ಟು, ಖಾಲಿಯಾದ ಉಪ್ಪಿನಕಾಯಿ ಜಾಡಿ ಒಂದು. ಹೆಂಡತಿ ಅಡುಗೆಮನೆ ಬಾಗಿಲಲ್ಲಿ ನಿಂತು ನೋಡಿ, "ಇದೇನ್ರೀ, ಆಸ್ಪತ್ರೆನಾ, ಮೆಕ್ಯಾನಿಕ್ ಶಾಪಾ?" ಅಂದಳು. ಎರಡೂ ಹೌದು ಅನ್ನಬಹುದಿತ್ತು. ರೋಗಿ ಹಳೆಯ ಟವೆಲ್ಲಿನ ಮೇಲೆ ಮಲಗಿತ್ತು. ಬೂದು ಬಣ್ಣ ಬಳಿದುಕೊಂಡ, ಇನ್ನೂ ಜೋಡಿಸದ ಒಂದು ಪುಟ್ಟ ಯುದ್ಧವಿಮಾನ. ಮೂತಿಯಿಂದ ಬಾಲಕ್ಕೆ 22 ಸೆಂಟಿಮೀಟರ್, ಎರಡೂ ರೆಕ್ಕೆ ಹಿಡಿದರೆ ತುದಿಯಿಂದ ತುದಿಗೆ 12.5 ಸೆಂಟಿಮೀಟರ್. ಈ ಅಳತೆಯನ್ನು 72ರಿಂದ ಗುಣಿಸಿದರೆ ನಮ್ಮ ಬೆಂಗಳೂರಿನಲ್ಲೇ ಹುಟ್ಟಿದ ಎಚ್‌ಎಫ್-24 ಮಾರುತ್ ಸಿಗುತ್ತದೆ.

ಈ ಮಾಡೆಲ್ ನನ್ನ ಸೋದರಮಾವನದು. ಅವರು ವಿಮಾನ ಕಾರ್ಖಾನೆಯಲ್ಲಿ ತಗಡಿನ ಕೆಲಸದ ವಿಭಾಗದಲ್ಲಿ ಫಿಟ್ಟರ್ ಆಗಿ ಸೇರಿ, ಅಲ್ಲೇ ಕೂದಲು ಬೆಳ್ಳಗೆ ಮಾಡಿಕೊಂಡು ನಿವೃತ್ತರಾದವರು. ನಿಜವಾದ ಮಾರುತದ ಒಡಲಿಗೆ ರಿವೆಟ್ ಹೊಡೆದ ಕೈ. ನಿವೃತ್ತಿಯಾದ ಮೇಲೆ ಅವರ ಗೆಳೆಯರ ಮಗನೊಬ್ಬ ವಿದೇಶದಿಂದ ಬರುವಾಗ ಈ ರೆಸಿನ್ ಕಿಟ್ ತಂದುಕೊಟ್ಟಿದ್ದ. ಮಾವ ತುಂಡುಗಳನ್ನು ಉಜ್ಜಿ, ತಿದ್ದಿ, ಒಂದು ದಿನ ಮಹಡಿಯ ಮೇಲೆ ಹರಡಿಕೊಂಡು ಕಾರಿಗೆ ಹೊಡೆಯುವ ಬೂದು ಪ್ರೈಮರ್ ಸ್ಪ್ರೇ ಹೊಡೆದರು. ಆಗಲೇ ಅವರ ಕೈ ನಡುಗುತ್ತಿತ್ತು. ಪ್ರೈಮರ್ ದಪ್ಪಗೆ ಕೂತು, ಗೆರೆಗಳೆಲ್ಲ ಮುಚ್ಚಿಹೋಗಿ, ವಿಮಾನ ಕೆಸರಲ್ಲಿ ಅದ್ದಿ ತೆಗೆದ ಹಾಗಾಯಿತು. ಮಾವ ಅದನ್ನು ಡಬ್ಬಕ್ಕೆ ಹಾಕಿಟ್ಟರು. ಮತ್ತೆ ತೆಗೆಯಲೇ ಇಲ್ಲ. ಅವರು ಹೋದ ಮೇಲೆ ಅತ್ತೆ ಆ ಡಬ್ಬ ನನ್ನ ಕೈಗಿಟ್ಟು, "ನೀನಾದ್ರೂ ಮುಗಿಸೋ" ಅಂದರು.

ಮುಗಿಸಬೇಕಾದರೆ ಮೊದಲು ಆ ಹಳೆಯ ಪ್ರೈಮರ್ ಬಿಡಿಸಬೇಕು. ಅದರ ಮೇಲೇ ಬಣ್ಣ ಹೊಡೆದರೆ ಆಗಲ್ಲವೇ ಅಂತ ಕೇಳಬಹುದು. ಮಾಡೆಲ್‌ನಲ್ಲಿ ತಗಡಿನ ಜೋಡಣೆಯ ಒಂದೊಂದು ಗೆರೆಯೂ ಕೂದಲೆಳೆಯಷ್ಟು ಸಣ್ಣದು. ದಪ್ಪ ಪ್ರೈಮರ್ ಅದನ್ನು ತುಂಬಿಬಿಟ್ಟರೆ ಮೇಲೆ ಎಂಥ ಬಣ್ಣ ಹೊಡೆದರೂ ಅದು ವಿಮಾನವಲ್ಲ, ಸಾಬೂನಿನ ಬೊಂಬೆ. ಉಪ್ಪುಕಾಗದದಲ್ಲಿ ಉಜ್ಜಿ ತೆಗೆದರೆ ಗೆರೆಯೂ ಜೊತೆಗೆ ಹೋಗುತ್ತದೆ. ಸಾಲದ್ದಕ್ಕೆ ರೆಸಿನ್ನಿನ ಒಣ ಧೂಳು ಶ್ವಾಸಕೋಶಕ್ಕೆ ಒಳ್ಳೆಯದಲ್ಲ. ಹಾಗಾಗಿ ಉಳಿದ ದಾರಿ ಒಂದೇ, ದ್ರಾವಕದಲ್ಲಿ ನೆನೆಸಿ ಬಿಡಿಸುವುದು. ಯಾವ ದ್ರಾವಕ ಅನ್ನುವ ಪ್ರಶ್ನೆ ಹಿಡಿದು ಹೊರಟವನು ನೂರು ವರ್ಷದ ಇತಿಹಾಸದೊಳಗೆ ಹೋಗಿ ಬಿದ್ದೆ. ಅದನ್ನೇ ಇಲ್ಲಿ ಹೇಳಹೊರಟಿದ್ದೇನೆ.

ಮೊದಲು ಮಾರುತದ ಕಥೆ ಸ್ವಲ್ಪ ಹೇಳಿಬಿಡುತ್ತೇನೆ. ಎರಡನೇ ಮಹಾಯುದ್ಧದಲ್ಲಿ ಜರ್ಮನಿಯ ಫೋಕೆ-ವುಲ್ಫ್ 190 ವಿಮಾನವನ್ನು ವಿನ್ಯಾಸ ಮಾಡಿದ ಕುರ್ಟ್ ಟ್ಯಾಂಕ್, ಯುದ್ಧ ಮುಗಿದ ಮೇಲೆ ಅರ್ಜೆಂಟೀನಾಕ್ಕೆ ಹೋಗಿ, ಅಲ್ಲಿಂದ 1956ರಲ್ಲಿ ಬೆಂಗಳೂರಿಗೆ ಬಂದರು. ಶಬ್ದದ ವೇಗ ದಾಟುವ ಯುದ್ಧವಿಮಾನವೊಂದನ್ನು ಭಾರತದಲ್ಲೇ ಕಟ್ಟಬೇಕೆಂಬುದು ಆಗಿನ ಕನಸು. ಎಂಜಿನ್ ಕೂರಿಸುವ ಮೊದಲು ಅವರು ಮಾಡಿಸಿದ್ದು ಏನು ಗೊತ್ತೇ? ಒಂದು ಮಾಡೆಲ್. ಆದರೆ ನಿಜವಾದ ವಿಮಾನದಷ್ಟೇ ದೊಡ್ಡದು, ಪೂರ್ತಿ ಮರದ್ದು. ಎಂಜಿನ್ ಇಲ್ಲದ ಆ ಗ್ಲೈಡರನ್ನು 1959ರಲ್ಲಿ ಡಕೋಟಾ ವಿಮಾನಕ್ಕೆ ಕಟ್ಟಿ ಮೇಲಕ್ಕೆ ಎಳೆದೊಯ್ದು ಬಿಡುತ್ತಿದ್ದರು. ಗಾಳಿಯಲ್ಲಿ ಅದು ಹೇಗೆ ನಡೆದುಕೊಳ್ಳುತ್ತದೆ ಎಂದು ನೋಡಿ, ಆಮೇಲೆ ಲೋಹದ ವಿಮಾನ. 1961ರ ಜೂನ್ 17ರಂದು ಮಾರುತ್ ತನ್ನದೇ ಎಂಜಿನ್ನಿನಲ್ಲಿ ಹಾರಿತು. ಹಾರಿಸಿದವರು ಸುರಂಜನ್ ದಾಸ್. ಹಳೆ ವಿಮಾನ ನಿಲ್ದಾಣದ ಕಡೆಯಿಂದ ಬೈಯಪ್ಪನಹಳ್ಳಿಗೆ ಹೋಗುವಾಗ ಸಿಗುವ ರಸ್ತೆಗೆ ಅವರದೇ ಹೆಸರು. 1970ರ ಜನವರಿಯಲ್ಲಿ ಮಾರುತದ್ದೇ ಪರೀಕ್ಷಾ ಹಾರಾಟದ ಅಪಘಾತದಲ್ಲಿ ಅವರು ತೀರಿಕೊಂಡರು.

ಮಾರುತಕ್ಕೆ ತಕ್ಕ ಎಂಜಿನ್ ಕೊನೆಗೂ ಸಿಗಲಿಲ್ಲ. ಬ್ರಿಟನ್ನಿನ ಆರ್ಫಿಯಸ್ 703 ಎಂಜಿನ್ನುಗಳಲ್ಲೇ ಅದು ಬಾಳಬೇಕಾಯಿತು. ದೇಹ ಪೈಲ್ವಾನನದು, ಉಸಿರು ಹುಡುಗನದು. ಆದರೂ 1971ರ ಯುದ್ಧದಲ್ಲಿ ರಾಜಸ್ಥಾನದ ಗಡಿಯಲ್ಲಿ ಅದು ಮರ್ಯಾದೆಯಿಂದ ಕೆಲಸ ಮಾಡಿತು. ಮೊದಲ ಮಾದರಿಗಳನ್ನೂ ಸೇರಿಸಿ ತಯಾರಾದದ್ದು 147. ಅಷ್ಟಕ್ಕೇ ಕಥೆ ಮುಗಿಯಿತು. ಈಗ ಕಸ್ತೂರಬಾ ರಸ್ತೆಯ ವಿಶ್ವೇಶ್ವರಯ್ಯ ವಸ್ತುಸಂಗ್ರಹಾಲಯದ ಅಂಗಳದಲ್ಲಿ ನಿಂತಿರುವ ಮಾರುತದ ಮುಂದೆ ಶಾಲಾಮಕ್ಕಳು ಸೆಲ್ಫಿ ತೆಗೆದುಕೊಳ್ಳುತ್ತಾರೆ.

147 ಅನ್ನುವ ಸಂಖ್ಯೆಯನ್ನು ನೆನಪಿಟ್ಟುಕೊಳ್ಳಿ. ನನ್ನ ಮೇಜಿನ ಮೇಲಿನ ಮಾಡೆಲ್ ರೆಸಿನ್ನಿನದೇ ಏಕೆ ಆಯಿತು ಅನ್ನುವುದಕ್ಕೆ ಉತ್ತರ ಅಲ್ಲೇ ಇದೆ. ಅಂಗಡಿಗಳಲ್ಲಿ ಸಿಗುವ ಮಾಮೂಲಿ ಪ್ಲಾಸ್ಟಿಕ್ ಕಿಟ್‌ಗಳು ಪಾಲಿಸ್ಟೈರೀನ್‌ನವು. ಉಕ್ಕಿನ ಅಚ್ಚಿನೊಳಗೆ ಕರಗಿದ ಪ್ಲಾಸ್ಟಿಕ್ಕನ್ನು ಭಾರಿ ಒತ್ತಡದಲ್ಲಿ ತುಂಬಿ ಅವುಗಳನ್ನು ಮಾಡುತ್ತಾರೆ. ಆ ಅಚ್ಚು ಕೊರೆಸುವುದಕ್ಕೆ ಬೀಳುವ ದುಡ್ಡು ಕಡಿಮೆಯೇನಲ್ಲ. ಅದು ವಾಪಸ್ ಬರಬೇಕಾದರೆ ಸಾವಿರಾರು ಡಬ್ಬ ಮಾರಬೇಕು. ಆದ್ದರಿಂದ ಉಕ್ಕಿನ ಅಚ್ಚಿನ ಭಾಗ್ಯ ಹೆಚ್ಚಾಗಿ ಒಲಿಯುವುದು ಗೆದ್ದವರಿಗೆ. ಸ್ಪಿಟ್‌ಫೈರ್‌ಗೆ, ಮಸ್ಟಾಂಗ್‌ಗೆ, ಮಿಗ್-21ಕ್ಕೆ. ಎಂಜಿನ್ ಸಿಗದೆ ಸೋತ, ಹೊರದೇಶಕ್ಕೆ ಮಾರಾಟವಾಗದ, ಬರೀ 147 ಹುಟ್ಟಿದ ವಿಮಾನವನ್ನು ಯಾರು ಕೇಳಬೇಕು?

ಅಂಥವರಿಗಾಗಿ ಬಂದದ್ದು ರೆಸಿನ್. ಇದು ಪಾಲಿಯುರೆಥೇನ್ ಕುಲದ್ದು. 1937ರಲ್ಲಿ ಜರ್ಮನಿಯ ಲೆವರ್‌ಕುಸೆನ್‌ನಲ್ಲಿ ಐಜಿ ಫಾರ್ಬೆನ್ ಕಂಪನಿಯ ಒಟ್ಟೋ ಬೇಯರ್ ಮತ್ತವರ ಸಂಗಡಿಗರು ಕಂಡುಹಿಡಿದ ವಸ್ತು. ನಮ್ಮ ಹಾಸಿಗೆಯ ಫೋಮು, ಚಪ್ಪಲಿಯ ಅಟ್ಟೆ, ಫ್ರಿಜ್ಜಿನ ಗೋಡೆಯೊಳಗಿನ ತುಂಬು ಎಲ್ಲವೂ ಇದರ ನೆಂಟರೇ. ಎರಡು ದ್ರವಗಳನ್ನು ಬೆರೆಸಿದರೆ ಕೆಲವೇ ನಿಮಿಷಗಳಲ್ಲಿ ಬಿಸಿಯಾಗಿ ಗಟ್ಟಿಯಾಗುತ್ತದೆ. ಒತ್ತಡ ಬೇಡ, ಕುಲುಮೆ ಬೇಡ. ಮೂಲ ಬೊಂಬೆಯೊಂದನ್ನು ಕೈಯಲ್ಲಿ ಕೆತ್ತಿಕೊಂಡು, ಅದರ ಮೇಲೆ ಸಿಲಿಕೋನ್ ರಬ್ಬರ್ ಸುರಿದು ಅಚ್ಚು ತೆಗೆದು, ಆ ಅಚ್ಚಿಗೆ ರೆಸಿನ್ ಹೊಯ್ದರೆ ಮುಗಿಯಿತು. ಮನೆಯ ಹಿತ್ತಿಲಲ್ಲೂ ಮಾಡಬಹುದು. ಜಪಾನಿನಲ್ಲಿ 1980ರ ದಶಕದಲ್ಲಿ ಹವ್ಯಾಸಿಗಳು ಹೀಗೆ ಮಾಡಿದ್ದಕ್ಕೇ 'ಗ್ಯಾರೇಜ್ ಕಿಟ್' ಎಂಬ ಹೆಸರು ನಿಂತಿತು. ಅದೇ ದಶಕದ ಮಧ್ಯಭಾಗದಲ್ಲಿ ಶುರುವಾದ 'ವಂಡರ್ ಫೆಸ್ಟಿವಲ್' ಎಂಬ ಜಾತ್ರೆಯಲ್ಲಿ ಒಂದು ಮಜವಾದ ಪದ್ಧತಿಯೂ ಬೆಳೆಯಿತು. ಸಿನಿಮಾದ ಪಾತ್ರಗಳ ಬೊಂಬೆ ಮಾರುವ ಪರವಾನಗಿ ಆ ಒಂದೇ ದಿನಕ್ಕೆ ಮಾತ್ರ. ಸಂಜೆ ಬಾಗಿಲು ಹಾಕಿದರೆ ಹಕ್ಕೂ ಮುಗಿಯಿತು.

ಸಿಲಿಕೋನ್ ಅಚ್ಚಿಗೆ ಆಯಸ್ಸು ಕಡಿಮೆ. ಕೆಲವು ಡಜನ್ ಎರಕ ತೆಗೆಯುವಷ್ಟರಲ್ಲಿ ರಬ್ಬರು ಹರಿಯುತ್ತದೆ, ಅಂಚು ಮೊಂಡಾಗುತ್ತದೆ. ಮೂಲ ಬೊಂಬೆಯೂ ಹಾಳಾಗಿದ್ದರೆ ಆ ಕಿಟ್ ಮತ್ತೆ ಹುಟ್ಟುವುದಿಲ್ಲ. ಮಾವನ ಕಿಟ್ಟಿನ ಕಥೆಯೂ ಅದೇ. ಮಾಡಿದವರು ಅಂಗಡಿ ಮುಚ್ಚಿ ವರ್ಷಗಳಾಗಿವೆ. ಪ್ಲಾಸ್ಟಿಕ್ ಸ್ಪಿಟ್‌ಫೈರನ್ನು ಕೆಡಿಸಿದರೆ ಇನ್ನೊಂದು ಡಬ್ಬ ಕೊಳ್ಳಬಹುದು. ಇದನ್ನು ಕೆಡಿಸಿದರೆ ಕೆಟ್ಟಿತು. ಆ ಭಾನುವಾರ ನನ್ನ ಕೈಯೂ ಸ್ವಲ್ಪ ನಡುಗಿದ್ದು ಇದಕ್ಕೇ.

ಇನ್ನು ಪ್ರೈಮರಿಗೆ ಬರೋಣ. ಮಾವ ಹೇಳುತ್ತಿದ್ದ ಮಾತೊಂದಿದೆ: "ಪೇಂಟು ಮೇಲಂಗಿ ಕಣೋ, ಪ್ರೈಮರ್ರು ಒಳಂಗಿ. ಒಳಂಗಿ ಕೊಳೆಯಾಗಿದ್ರೆ ಮೇಲಂಗಿ ಎಷ್ಟು ಚೆನ್ನಾಗಿದ್ದು ಏನು ಬಂತು?" ಅವರಿಗೆ ಒಳಂಗಿ ಎಂದರೆ ಕಾರ್ಖಾನೆಯಲ್ಲಿ ಅಲ್ಯೂಮಿನಿಯಂ ತಗಡಿಗೆ ಬಳಿಯುತ್ತಿದ್ದ ಹಳದಿ-ಹಸಿರು ಜಿಂಕ್ ಕ್ರೋಮೇಟ್. ತಗಡಿಗೆ ತುಕ್ಕು ಹತ್ತದಂತೆ ಕಾಯುವುದು ಅದರ ಕೆಲಸ. ಅದರಲ್ಲಿರುವ ಕ್ರೋಮಿಯಂ ಕ್ಯಾನ್ಸರ್ ತರುವಂಥದ್ದು ಅನ್ನುವ ತಿಳಿವಳಿಕೆ ಬಂದು ಅದರ ಬಳಕೆ ಕಡಿಮೆಯಾದದ್ದು ಆಮೇಲಿನ ಮಾತು. ಮಾಡೆಲ್‌ಗೆ ಹೊಡೆಯುವ ಬೂದು ಪ್ರೈಮರಿನ ವಂಶ ಬೇರೆ, ಅದು ಕಾರಿನ ಕಡೆಯಿಂದ ಬಂದದ್ದು. ಮೊದಲ ಮಹಾಯುದ್ಧ ಮುಗಿದಾಗ ಅಮೆರಿಕದ ಡ್ಯೂಪಾಂಟ್ ಕಂಪನಿಯ ಹತ್ತಿರ ಮದ್ದುಗುಂಡಿಗೆ ಬೇಕಾದ ನೈಟ್ರೋಸೆಲ್ಯುಲೋಸ್ ತಯಾರಿಸುವ ಸೌಕರ್ಯ ಬೇಕಾದಷ್ಟಿತ್ತು, ಗಿರಾಕಿ ಇರಲಿಲ್ಲ. ಅದೇ ವಸ್ತುವಿನಿಂದ ಅವರು 'ಡ್ಯೂಕೋ' ಎಂಬ ಬಣ್ಣ ಮಾಡಿದರು. 1923-24ರ ಹೊತ್ತಿಗೆ ಜನರಲ್ ಮೋಟರ್ಸ್‌ನ ಓಕ್‌ಲ್ಯಾಂಡ್ ಕಾರುಗಳು ಅದನ್ನು ಬಳಿದುಕೊಂಡು ಹೊರಬಂದವು. ಅಲ್ಲಿಯತನಕ ಒಂದು ಕಾರಿಗೆ ಬಣ್ಣ ಬಳಿದು ಒಣಗಿಸಲು ವಾರಗಳೇ ಹಿಡಿಯುತ್ತಿದ್ದವು. ಅದು ಗಂಟೆಗಳಿಗೆ ಇಳಿಯಿತು. ನಮ್ಮ ಗಲ್ಲಿಯ ಟಿಂಕರಿಂಗ್ ಅಂಗಡಿಗಳಲ್ಲಿ ಇವತ್ತಿಗೂ ಕೆಲವರು ಸ್ಪ್ರೇ ಪೇಂಟಿಗೆ 'ಡ್ಯೂಕೋ' ಅಂತಲೇ ಅನ್ನುತ್ತಾರೆ. ಅಂದರೆ ನಮ್ಮ ಪುಟ್ಟ ವಿಮಾನಕ್ಕೆ ತೊಡಿಸುವ ಒಳಂಗಿಯ ಮುತ್ತಜ್ಜ ಮದ್ದುಗುಂಡಿನ ಮನೆಯವನು.

ಬಣ್ಣ ಬಿಡಿಸುವವನು ಮೊದಲು ತಿಳಿಯಬೇಕಾದದ್ದು ಅದು ಒಣಗಿದ್ದು ಹೇಗೆ ಅನ್ನುವುದನ್ನು. ಅಡುಗೆಮನೆಯ ಉದಾಹರಣೆಯಲ್ಲೇ ಹೇಳುತ್ತೇನೆ. ಅಚ್ಚು ಬೆಲ್ಲ ಗಟ್ಟಿಯಾಗಿರುವುದು ನೀರು ಆರಿಹೋದದ್ದರಿಂದ. ನೀರು ಕೊಟ್ಟರೆ ಮತ್ತೆ ಪಾಕ. ಲ್ಯಾಕರ್ ಜಾತಿಯ ಬಣ್ಣಗಳು ಹೀಗೆ, ಥಿನ್ನರ್ ಆರಿ ಗಟ್ಟಿಯಾದವು ಥಿನ್ನರ್ ಕಂಡರೆ ಕರಗುತ್ತವೆ. ಆದರೆ ಬೆಂದ ಇಡ್ಲಿಯನ್ನು ಎಷ್ಟು ನೆನೆಸಿದರೂ ಹಿಟ್ಟಾಗುವುದಿಲ್ಲ. ಎನಾಮಲ್ ಬಣ್ಣ ಗಾಳಿಯ ಆಮ್ಲಜನಕ ಹೀರಿ ಬಲಿಯುತ್ತದೆ, ಎರಡು ಭಾಗ ಬೆರೆಸುವ ಎಪಾಕ್ಸಿ ತನ್ನೊಳಗೇ ಬೇಯುತ್ತದೆ. ಇವು ಕರಗುವುದಿಲ್ಲ. ಹೆಚ್ಚೆಂದರೆ ಉಬ್ಬಿ, ಸುಕ್ಕುಗಟ್ಟಿ, ಹಿಡಿತ ಬಿಡುತ್ತವೆ. ಮಜಾ ಏನೆಂದರೆ ರೆಸಿನ್ ಕೂಡ ಇಡ್ಲಿಯ ಜಾತಿ. ಮಾಮೂಲಿ ಪ್ಲಾಸ್ಟಿಕ್ ಕಿಟ್ಟನ್ನು ಥಿನ್ನರಿಗೆ ಹಾಕಿದರೆ ಬಣ್ಣದ ಜೊತೆಗೆ ವಿಮಾನವೂ ಅಂಟು ಮುದ್ದೆ. ರೆಸಿನ್ ಹಾಗೆ ಕರಗುವುದಿಲ್ಲ, ಆದರೆ ಅಸಿಟೋನು, ಥಿನ್ನರುಗಳನ್ನು ಹೀರಿಕೊಂಡು ಊದುತ್ತದೆ, ಮೆತ್ತಗಾಗುತ್ತದೆ. ತೆಳ್ಳನೆಯ ರೆಕ್ಕೆ ಬಾಗುತ್ತದೆ. ಸೂಪರ್ ಗ್ಲೂ ಹಾಕಿ ಕೂಡಿಸಿದ ಜಾಗವಿದ್ದರೆ ಅಸಿಟೋನಿಗೆ ಅದೂ ಬಿಟ್ಟುಕೊಳ್ಳುತ್ತದೆ.

ಈಗ ಮೇಜಿನ ಮೇಲಿನ ಬಾಟಲಿಗಳನ್ನು ಒಂದೊಂದಾಗಿ ನೋಡಿ. ಇವುಗಳಲ್ಲಿ ಒಂದೂ ಮಾಡೆಲ್ ಮಾಡುವವರಿಗಾಗಿ ಹುಟ್ಟಿದ್ದಲ್ಲ. ಡೆಟಾಲ್ 1930ರ ದಶಕದಲ್ಲಿ ಬ್ರಿಟನ್ನಿನ ಆಸ್ಪತ್ರೆಗಳಲ್ಲಿ ಗಾಯ ತೊಳೆಯಲು ಬಂದದ್ದು. ಕೀಟಾಣು ಕೊಲ್ಲುವುದು ಅದರಲ್ಲಿರುವ ಶೇ. 4.8ರ ಕ್ಲೋರೊಕ್ಸೈಲೆನಾಲ್. ಬಣ್ಣ ಬಿಡಿಸುವುದು ಅದನ್ನು ಕರಗಿಸಿ ಇಟ್ಟುಕೊಳ್ಳಲು ಸೇರಿಸಿದ ಪೈನ್ ಮರದ ಎಣ್ಣೆಯ ಅಂಶ ಮತ್ತು ಆಲ್ಕೊಹಾಲ್. ಬ್ರಿಟನ್ನಿನ ಹವ್ಯಾಸಿಗಳು ತಲೆಮಾರುಗಳಿಂದ ತಮ್ಮ ಪುಟ್ಟ ಸೈನಿಕರನ್ನು ಅದರಲ್ಲಿ ನೆನೆಹಾಕಿದ್ದಾರೆ. ನೀರು ಬೆರೆಸದೆ ಹಾಕಬೇಕು, ನೆನೆದದ್ದನ್ನು ಮೊದಲು ಡೆಟಾಲಿನಲ್ಲೇ ಉಜ್ಜಿ ತೊಳೆಯಬೇಕು, ಆಮೇಲಷ್ಟೇ ಸಾಬೂನು ನೀರು. ಅವಸರದಲ್ಲಿ ನೇರವಾಗಿ ನಲ್ಲಿಗೆ ಹಿಡಿದರೆ ಬಿಟ್ಟ ಬಣ್ಣವೆಲ್ಲ ಹಲಸಿನ ಮೇಣದ ಹಾಗೆ ಅಂಟಿಕೊಳ್ಳುತ್ತದೆ.

ಬ್ರೇಕ್ ಆಯಿಲ್ ಹೆಸರಿಗೆ ಆಯಿಲ್, ವಾಸ್ತವದಲ್ಲಿ ಗ್ಲೈಕಾಲ್ ಈಥರ್. 1920ರ ದಶಕದಲ್ಲಿ ಕಾರುಗಳಿಗೆ ಹೈಡ್ರಾಲಿಕ್ ಬ್ರೇಕ್ ಬಂದಾಗಿನಿಂದ ಬ್ರೇಕಿನ ದ್ರವವೂ ಗ್ಯಾರೇಜಿನ ಸಾಮಾನಾಯಿತು. ಇವತ್ತಿನ ಈ ಜಾತಿಯ ದ್ರವ ಪೆಟ್ರೋಲ್ ಟ್ಯಾಂಕಿನ ಮೇಲೆ ಚೆಲ್ಲಿದರೆ ಬಣ್ಣ ಗುಳ್ಳೆ ಏಳುತ್ತದೆ ಅಂತ ಎಂಥ ಹೊಸ ಹುಡುಗನಿಗೂ ಮೇಸ್ತ್ರಿ ಮೊದಲ ದಿನವೇ ಹೇಳುತ್ತಾನೆ. ಆ ಎಚ್ಚರಿಕೆಯನ್ನೇ ಯಾರೋ ಜಾಣರು ಉಪಾಯವನ್ನಾಗಿ ಮಾಡಿಕೊಂಡರು. ಆದರೆ ಅದು ಚರ್ಮಕ್ಕೂ ಕಣ್ಣಿಗೂ ಕೆಟ್ಟದ್ದು, ರೆಸಿನ್ನಿನೊಳಗೆ ಇಳಿದರೆ ಬೇಗ ಬಿಟ್ಟು ಹೋಗುವುದೂ ಇಲ್ಲ. ಆ ಡಬ್ಬವನ್ನು ನಾನು ತೆರೆಯದೆಯೇ ವಾಪಸ್ ಕೊಟ್ಟೆ.

ಮೂರನೆಯದು ಐಸೊಪ್ರೊಪೈಲ್ ಆಲ್ಕೊಹಾಲ್. 1920ರಲ್ಲಿ ನ್ಯೂಜೆರ್ಸಿಯ ಸ್ಟ್ಯಾಂಡರ್ಡ್ ಆಯಿಲ್ ಕಂಪನಿ ಸಂಸ್ಕರಣಾಗಾರದಲ್ಲಿ ದಂಡವಾಗಿ ಹೋಗುತ್ತಿದ್ದ ಅನಿಲದಿಂದ ಇದನ್ನು ತಯಾರಿಸಿತು. ಪೆಟ್ರೋಕೆಮಿಕಲ್ ಉದ್ಯಮದ ಚೊಚ್ಚಲ ಕೂಸು ಅಂತ ಇದನ್ನೇ ಕರೆಯುತ್ತಾರೆ. ಕೋವಿಡ್ ಬಂದ ಮೇಲೆ ನಮ್ಮೂರಿನ ಮೆಡಿಕಲ್ ಸ್ಟೋರುಗಳಲ್ಲೂ ಲೀಟರುಗಟ್ಟಲೆ ಸಿಗತೊಡಗಿತು. ರೆಸಿನ್ನಿಗೆ ಇದು ಅಷ್ಟಾಗಿ ಕೇಡು ಮಾಡುವುದಿಲ್ಲ, ಬೇಗ ಆರುತ್ತದೆ, ಬಣ್ಣದ ಹಿಡಿತ ಸಡಿಲಿಸುತ್ತದೆ. ಬೆಂಕಿಗೆ ಮಾತ್ರ ಪ್ರಾಣಸ್ನೇಹಿತ. ಗ್ಯಾಸ್ ಒಲೆ ಆರಿಸಿ, ಕಿಟಕಿಗಳನ್ನೆಲ್ಲ ತೆಗೆದೇ ಮುಚ್ಚಳ ಬಿಚ್ಚಬೇಕು.

ನನ್ನ ಮೇಜಿನ ಮೇಲೆ ಇಲ್ಲದ, ಇರಲೂಬಾರದ ಒಂದು ದ್ರಾವಕದ ಮಾತನ್ನೂ ಹೇಳಬೇಕು. ಮೆಥಿಲೀನ್ ಕ್ಲೋರೈಡ್. ಕಳೆದ ಶತಮಾನದ ಬಹುಪಾಲು ಬಣ್ಣ ಬಿಡಿಸುವವರ ಬ್ರಹ್ಮಾಸ್ತ್ರ ಇದೇ ಆಗಿತ್ತು. ಬೆಲ್ಲವೋ ಇಡ್ಲಿಯೋ ನೋಡದೆ ಎಲ್ಲವನ್ನೂ ಎಬ್ಬಿಸುತ್ತದೆ, ರೆಸಿನ್ನನ್ನೂ ಬಿಡುವುದಿಲ್ಲ. ಇದರ ಆವಿ ಗಾಳಿಗಿಂತ ಭಾರ, ಮುಚ್ಚಿದ ಕೋಣೆಯಲ್ಲಿ ಕೆಳಗೇ ನಿಲ್ಲುತ್ತದೆ. ಉಸಿರಿನೊಳಗೆ ಹೋದದ್ದು ದೇಹದಲ್ಲಿ ಕಾರ್ಬನ್ ಮೊನಾಕ್ಸೈಡ್ ಆಗಿ ಬದಲಾಗುತ್ತದೆ. ಅಮೆರಿಕದಲ್ಲಿ ಸ್ನಾನದ ತೊಟ್ಟಿಗಳ ಹಳೆ ಬಣ್ಣ ಕಿತ್ತು ಹೊಸದು ಬಳಿಯುವ ಕೆಲಸಗಾರರಲ್ಲಿ 2000ದಿಂದ 2011ರ ನಡುವೆ ಕನಿಷ್ಠ 13 ಮಂದಿ ಇದರಿಂದ ಸತ್ತರು. ಹೆಚ್ಚಿನವರು ಸಣ್ಣ ಬಚ್ಚಲುಮನೆಯಲ್ಲಿ ಒಬ್ಬರೇ ಕೆಲಸ ಮಾಡುತ್ತಿದ್ದವರು. 2019ರಲ್ಲಿ ಅಲ್ಲಿ ಬಣ್ಣ ಬಿಡಿಸಲು ಇದನ್ನು ಜನಸಾಮಾನ್ಯರಿಗೆ ಮಾರುವುದನ್ನು ನಿಲ್ಲಿಸಿದರು. ಬಳಿದದ್ದನ್ನು ಬಿಡಿಸುವ ಅವಸರಕ್ಕೆ ಮನುಷ್ಯ ತೆತ್ತ ಬೆಲೆ ಇದು. ನಮ್ಮಲ್ಲಿ ಈಗಲೂ 'ಪೇಂಟ್ ರಿಮೂವರ್' ಡಬ್ಬ ಕೊಳ್ಳುವವರು ದಯವಿಟ್ಟು ಹಿಂದಿನ ಚೀಟಿ ಓದಿ.

ಕೊನೆಗೆ ಆಲ್ಕೊಹಾಲನ್ನೇ ಆರಿಸಿಕೊಂಡೆ. ಎರಡು ರೆಕ್ಕೆಗಳು ಬಿಡಿಯಾಗಿದ್ದವು. ಉಪ್ಪಿನಕಾಯಿ ಜಾಡಿಯಲ್ಲಿ ಮುಳುಗಿಸಿ ಮುಚ್ಚಿಟ್ಟೆ. ಸಂಜೆ ಹೊತ್ತಿಗೆ ಪ್ರೈಮರ್ ಹಾಲಿನ ಕೆನೆಯ ಹಾಗೆ ಸುಕ್ಕುಗಟ್ಟಿತ್ತು. ಟೂತ್‌ಬ್ರಷ್ಷಿನಲ್ಲಿ ಮೆಲ್ಲಗೆ ತಿಕ್ಕಿದರೆ ಚಕ್ಕೆ ಚಕ್ಕೆಯಾಗಿ ಎದ್ದು ಬಂತು. ಕೆಳಗೆ ರೆಸಿನ್ನಿನ ದಂತದ ಬಣ್ಣ, ಒಂದೊಂದು ಗೆರೆಯೂ ಚೂಪು. ಆ ಖುಷಿ ಹೇಳತೀರದು. ಒಡಲಿನ ಭಾಗ ಜಾಡಿಯಲ್ಲಿ ಹಿಡಿಸುತ್ತಿರಲಿಲ್ಲ. ಅದಕ್ಕೆ ಹತ್ತಿಕಡ್ಡಿ ಅದ್ದಿ ಅದ್ದಿ ಉಜ್ಜುತ್ತಾ ಹೋದೆ. ರೆಕ್ಕೆ ಬಂದು ಸೇರುವ ಜಾಗದ ಹಿಂದೆ, ಬೂದು ಬಣ್ಣ ಬಿಟ್ಟಾಗ ದಂತದ ಬಣ್ಣ ಕಾಣಲಿಲ್ಲ. ಮಣ್ಣಿನ ಬಣ್ಣದ ಒಂದು ಪಟ್ಟೆ ಕಂಡಿತು. ಕೊಳೆಯಿರಬೇಕು ಅಂದುಕೊಂಡು ಇನ್ನೂ ಜೋರಾಗಿ ಉಜ್ಜಿದೆ. ಹತ್ತಿಯ ತುದಿಗೆ ಕಂದು ಹತ್ತಿತು, ಅದರ ಜೊತೆಗೆ ಕಪ್ಪಗೆ ಇನ್ನೇನೋ. ಕನ್ನಡಕ ಹಾಕಿ, ಟಾರ್ಚ್ ಬಿಟ್ಟು ನೋಡಿದೆ. ಅದು ಪುಟ್ಟಿ. ಕಿಟ್ ಮಾಡಿದವರು ಕೊರೆದಿದ್ದ ಗೆರೆಯೊಂದನ್ನು ಮಾವ ಪುಟ್ಟಿ ತುಂಬಿ ಮುಚ್ಚಿದ್ದರು. ಅದರಿಂದ ಎರಡು ಮಿಲಿಮೀಟರ್ ಆಚೆಗೆ ತಾವೇ ಹೊಸ ಗೆರೆ ಕೊರೆದಿದ್ದರು. ಹಳೆಯದರಿಂದ ಹೊಸದಕ್ಕೆ ಪೆನ್ಸಿಲ್ಲಿನಲ್ಲಿ ಒಂದು ಬಾಣದ ಗುರುತು. ಅರ್ಧ ಬಾಣ. ಇನ್ನರ್ಧವನ್ನು ನಾನು ಆಗಷ್ಟೇ ಒರೆಸಿಬಿಟ್ಟಿದ್ದೆ.

ಹತ್ತಿಕಡ್ಡಿ ಕೆಳಗಿಟ್ಟೆ.

ನಿಜವಾದ ಆ ತಗಡನ್ನು ಕೈಯಾರೆ ಕೂರಿಸಿದ ಮನುಷ್ಯನಿಗೆ ಪುಸ್ತಕದ ಚಿತ್ರ ನೋಡಿ ಕೊರೆದ ಗೆರೆ ಒಪ್ಪಿಗೆಯಾಗಿರಲಿಲ್ಲ. ತಿದ್ದಿದ್ದಾರೆ. ತಿದ್ದಿದ್ದನ್ನು ಯಾರಿಗೂ ಹೇಳಲಿಲ್ಲ. ಕೆಸರು ಬಳಿದ ಹಾಗಿದೆ ಅಂತ ನಾನು ಹೀಗಳೆದ ಆ ಪ್ರೈಮರಿನ ಅಡಿಯಲ್ಲಿ ಅದು ಇಷ್ಟು ವರ್ಷ ಭದ್ರವಾಗಿತ್ತು.

ಆ ರಾತ್ರಿ ನನಗೆ ನೆನಪಾದದ್ದು ಇನ್ನೊಂದು ಮಾಡೆಲ್. ಅಮೆರಿಕದ 'ಸ್ಟಾರ್ ಟ್ರೆಕ್' ಧಾರಾವಾಹಿಯ 'ಎಂಟರ್‌ಪ್ರೈಸ್' ನೌಕೆ. ಪರದೆಯ ಮೇಲೆ ಬ್ರಹ್ಮಾಂಡ ಸುತ್ತುವ ಆ ನೌಕೆ ನಿಜದಲ್ಲಿ ಮರ, ಪ್ಲಾಸ್ಟಿಕ್ಕು, ತಗಡುಗಳಿಂದ 1964ರಲ್ಲಿ ಮಾಡಿದ 11 ಅಡಿ ಉದ್ದದ ಮಾಡೆಲ್. ಧಾರಾವಾಹಿ ನಿಂತ ಮೇಲೆ 1974ರಲ್ಲಿ ಅದು ವಾಷಿಂಗ್ಟನ್ನಿನ ಸ್ಮಿತ್‌ಸೋನಿಯನ್ ವಸ್ತುಸಂಗ್ರಹಾಲಯ ಸೇರಿತು. 1974, 1984, 1991, ಹೀಗೆ ಮೂರು ಸಲ ಅದನ್ನು ದುರಸ್ತಿ ಮಾಡಿದರು. 1991ರಲ್ಲಂತೂ ಹೆಚ್ಚುಕಡಿಮೆ ಎಲ್ಲ ಕಡೆಯೂ ಹೊಸ ಬಣ್ಣ ಬಿತ್ತು. ತಟ್ಟೆಯಾಕಾರದ ಮುಂಭಾಗದ ಮೇಲ್ಮೈಯೊಂದನ್ನು ಮಾತ್ರ ಮುಟ್ಟದೆ ಬಿಟ್ಟರು. ಹೊಸ ಬಣ್ಣದಲ್ಲಿ ತಗಡಿನ ಗೆರೆಗಳು ಅತಿಯಾಗಿ ಎದ್ದು ಕಾಣುತ್ತವೆ, ಇದು ನಾವು ನೋಡಿದ ನೌಕೆಯೇ ಅಲ್ಲ ಅಂತ ಅಭಿಮಾನಿಗಳು ವರ್ಷಗಟ್ಟಲೆ ಗೊಣಗಿದರು.

2014ರಲ್ಲಿ ಮತ್ತೆ ಕೆಲಸಕ್ಕೆ ಕೂತಾಗ ಸ್ಮಿತ್‌ಸೋನಿಯನ್ನಿನವರು ಮೊದಲು ಮಾಡಿದ್ದು ಬಣ್ಣ ಬಿಡಿಸುವುದನ್ನಲ್ಲ. ಒಳಗೇನಿದೆ ಅಂತ ಎಕ್ಸ್-ರೇ ತೆಗೆದರು. ಹಳೆಯ ಫೋಟೊ ಇದ್ದವರು ಕಳಿಸಿ ಅಂತ ಸಾರ್ವಜನಿಕರನ್ನು ಕೇಳಿಕೊಂಡರು. ಸಣ್ಣ ಸಣ್ಣ ಜಾಗಗಳಲ್ಲಿ ಮಾತ್ರ ಒಂದೊಂದೇ ಪದರ ಉಜ್ಜಿ, ಈರುಳ್ಳಿ ಸಿಪ್ಪೆ ಬಿಡಿಸಿದ ಹಾಗೆ ಕೆಳಗಿನ ಬಣ್ಣಗಳನ್ನು ಲೆಕ್ಕ ಹಾಕಿದರು. 1967ರ ಆಗಸ್ಟಿನಲ್ಲಿ ಚಿತ್ರೀಕರಣದ ಹೊತ್ತಿಗೆ ಅದು ಹೇಗಿತ್ತೋ ಹಾಗೆ ತರಬೇಕೆಂದು ತೀರ್ಮಾನಿಸಿ, ಆಮೇಲೆ ಕೈ ಹಾಕಿದರು. ಮುಟ್ಟದೆ ಬಿಟ್ಟಿದ್ದ ಆ ಮೇಲ್ಮೈ ಇತ್ತಲ್ಲ, ಅದನ್ನು ಈ ಸಲವೂ ಬರೀ ಶುಚಿ ಮಾಡಿ ಹಾಗೇ ಉಳಿಸಿಕೊಂಡರು. 1960ರ ದಶಕದ ಬಣ್ಣ ಹೇಗಿತ್ತು ಅನ್ನುವುದಕ್ಕೆ ಅದಕ್ಕಿಂತ ದೊಡ್ಡ ಸಾಕ್ಷಿ ಬೇರೆ ಇರಲಿಲ್ಲ. 2016ರಲ್ಲಿ ನೌಕೆ ಮತ್ತೆ ಜನರ ಮುಂದೆ ಬಂತು. 1991ರಲ್ಲಿ ಆ ಒಂದು ಭಾಗಕ್ಕೂ ಬಣ್ಣ ಬಿದ್ದಿದ್ದರೆ ಮುಂದಿನವರಿಗೆ ಅಷ್ಟು ಗಟ್ಟಿಯಾದ ಆಧಾರ ಉಳಿಯುತ್ತಿರಲಿಲ್ಲ.

ನಿಜವಾದ ವಿಮಾನಗಳಿಗೂ ಆಗಾಗ ಬಣ್ಣ ಕಿತ್ತು ಹೊಸದು ಬಳಿಯುತ್ತಾರೆ. ಅದು ಚೆಂದಕ್ಕಷ್ಟೇ ಅಲ್ಲ. ತಗಡಿನಲ್ಲಿ ಬಿರುಕು ಬಿಟ್ಟಿದೆಯೋ, ತುಕ್ಕು ಹತ್ತಿದೆಯೋ ನೋಡುವುದಕ್ಕೆ. ಅಂದರೆ ಅಲ್ಲಿ ಬಿಡಿಸುವುದು ಕೆಳಗಿರುವುದನ್ನು ಓದುವುದಕ್ಕಾಗಿ. ನಾನು ಮಾಡಿದ ತಪ್ಪು ಇಷ್ಟೇ. ಯಾವ ದ್ರಾವಕ ರೆಸಿನ್ನಿಗೆ ಹಾನಿ ಮಾಡುತ್ತದೆ ಅಂತ ನೂರು ವರ್ಷದ ರಸಾಯನಶಾಸ್ತ್ರ ತಿರುವಿಹಾಕಿದೆ. ರೆಸಿನ್ನಿಗೂ ಪ್ರೈಮರಿಗೂ ನಡುವೆ ಒಬ್ಬ ಮನುಷ್ಯ ಇರಬಹುದು ಅನ್ನುವುದು ಹೊಳೆಯಲಿಲ್ಲ. ಪ್ರೈಮರ್ ನನ್ನ ಕಣ್ಣಿಗೆ ಬರೀ ಅಡ್ಡಿಯಾಗಿತ್ತು. ಮಾವನ ಮಟ್ಟಿಗೆ ಅದು ಕೆಲಸದ ಕೊನೆಯ ಪದರ. ಅದರ ಕೆಳಗಿನದ್ದು ಮುಗಿದಿತ್ತು.

ಮಾರನೆಯ ದಿನ ಒಡಲನ್ನು ಎಲ್ಲ ದಿಕ್ಕಿನಿಂದಲೂ ಪಕ್ಕದಲ್ಲಿ ಸ್ಕೇಲ್ ಇಟ್ಟು ಫೋಟೊ ತೆಗೆದೆ. ಉಳಿದ ಅರ್ಧ ಬಾಣವನ್ನು ಅತಿ ಹತ್ತಿರದಿಂದ ಹತ್ತು ಸಲ ತೆಗೆದೆ. ರೆಕ್ಕೆಗಳಿಗೆ ಮಾವನ ಹಾಗೆ ಕಾರಿನ ಪ್ರೈಮರ್ ಹೊಡೆಯದೆ, ಏರ್‌ಬ್ರಷ್‌ನಲ್ಲಿ ಮಂಜಿನ ಹಾಗೆ ತೆಳ್ಳಗೆ ಎರಡು ಕೈ ಹೊಡೆದೆ. ಒಡಲನ್ನು ಮಾತ್ರ ಮತ್ತೆ ಮುಟ್ಟಲಿಲ್ಲ. ದಪ್ಪ ಬೂದು, ಮುಚ್ಚಿದ ಗೆರೆಗಳು, ಒಂದು ಕಡೆ ಬೊಟ್ಟಿನ ಅಗಲ ಕೆರೆದ ಜಾಗ, ಎಲ್ಲ ಹಾಗೇ ಇವೆ. ರೆಕ್ಕೆಗಳನ್ನು ಜೋಡಿಸಿ ಪುಸ್ತಕದ ಕಪಾಟಿನ ಮೇಲೆ ಇಟ್ಟಿದ್ದೇನೆ. ಮಾಡೆಲ್ ಬಲ್ಲವರು ನೋಡಿದರೆ ನಗುತ್ತಾರೆ. ರೆಕ್ಕೆ ಒಂದು ತಲೆಮಾರಿನದು, ಒಡಲು ಇನ್ನೊಂದು ತಲೆಮಾರಿನದು ಅನ್ನುವುದು ದೂರದಿಂದಲೇ ಗೊತ್ತಾಗುತ್ತದೆ.

ಹೋದ ವಾರ ಅತ್ತೆ ಮನೆಗೆ ಬಂದಿದ್ದರು. ಕಪಾಟಿನ ಮುಂದೆ ಸ್ವಲ್ಪ ಹೊತ್ತು ನಿಂತು ನೋಡಿ, "ನೀನೂ ಮುಗಿಸಲೇ ಇಲ್ವಲ್ಲೋ" ಅಂದರು. ನಾನು ವಿಮಾನ ಕೆಳಗಿಳಿಸಿ, ಟಾರ್ಚ್ ಬಿಟ್ಟು, ಆ ಅರ್ಧ ಬಾಣ ತೋರಿಸಿದೆ. ಅತ್ತೆ ಕನ್ನಡಕ ಸರಿಮಾಡಿಕೊಂಡು ಬಗ್ಗಿ ನೋಡಿದರು. "ಅವರ್ದೇ," ಅಂದರು. "ಮನೆ ಗೋಡೆ ಮೇಲೂ ಹೀಗೇ ಗೀಚೋರು, ಮೊಳೆ ಎಲ್ಲಿ ಹೊಡೀಬೇಕು ಅಂತ." ಆಮೇಲೆ ಕಾಫಿ ಕುಡಿದು ಹೋಗುವವರೆಗೂ ಮುಗಿಸುವ ಮಾತು ಎತ್ತಲಿಲ್ಲ.